ಲಾಭದ ಲೆಕ್ಕವೂ ಋಣದ ಲೆಕ್ಕವೂ

೧

ಒಂದು ಕಾರ್ಯದಿಂದ ಲೋಕಕ್ಕೆ ಆಗುವ ಒಳ್ಳೆಯದು ಕೆಟ್ಟುದಕ್ಕಿಂತ ಹೆಚ್ಚಾಗಿದ್ದರೆ ಆ ಕಾರ್ಯವು ಮಾಡತಕ್ಕುದೆಂದು ಸಾಮಾನ್ಯ ಬುದ್ಧಿಯು ಹೇಳುತ್ತದೆ. ಈ ಮಾತಿನಲ್ಲಿ ಮೇಲುನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಆದರೆ ಒಳ್ಳೆಯದು ಒಬ್ಬನಿಗೆ, ಕೆಟ್ಟುದು ಮತ್ತೊಬ್ಬನಿಗೆ ಆಗುವುದಾದರೆ, ಅಥವಾ ಒಳ್ಳೆಯದು ಇಂದು, ಕೆಟ್ಟುದು ಮೂರು ತಲೆಗಳ ಅನಂತರ ಬರುವುದಾದರೆ, ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಅಧಿಕಾರವು ಯಾರದು? ತೂಗಿದ ಮೇಲೆ ಲಾಭದ ತಟ್ಟೆಯೇ ತಗ್ಗಿತೆಂದು ಇಟ್ಟುಕೊಂಡರೂ, ನಷ್ಟಪಟ್ಟವನಿಗೆ ಸಲ್ಲಬೇಕಾದ ಋಣವು ಅಷ್ಟರಿಂದಲೇ ತೀರಿತೆ?

ಈ ಪ್ರಶ್ನೆಯು ಹಳೆಯದು. ಈ ಕಾಲದಲ್ಲಿ ಅದು ಹೊಸ ವೇಷವನ್ನು ತೊಟ್ಟು ಬಂದಿರುವುದು. ಕಲ್ಲಿದ್ದಲು, ಡೀಸೆಲ್, ಪೆಟ್ರೋಲು, ಸೀಮೆಎಣ್ಣೆ ಇವುಗಳನ್ನು ಉರಿಸುವುದರಿಂದ ಹೊರಡುವ ಇಂಗಾಲಾಮ್ಲ ವಾಯುವು ಆಕಾಶದಲ್ಲಿ ಶೇಖರವಾಗಿ, ಭೂಮಿಯ ಕಾವನ್ನು ಹೊರಕ್ಕೆ ಬಿಡದೆ ತಡೆಯುತ್ತದೆ. ೨೦೧೧ರಿಂದ ೨೦೨೦ರ ವರೆಗಿನ ಹತ್ತು ವರ್ಷಗಳ ಸರಾಸರಿಯಲ್ಲಿ ಭೂತಲದ ಉಷ್ಣತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು ೧.೧ ಡಿಗ್ರಿಯಷ್ಟು ಏರಿತ್ತೆಂದು ಲೋಕದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದುದರಿಂದ ವಿದ್ಯುಚ್ಛಕ್ತಿಯನ್ನೂ ವಾಹನಗಳನ್ನೂ ಹೊಗೆಯಿಂದ ಬಿಡಿಸಬೇಕೆಂಬ ಮಾತು ಎಲ್ಲ ದೇಶಗಳಲ್ಲಿಯೂ ಎದ್ದಿದೆ. ೨೦೭೦ರೊಳಗೆ ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವೆನೆಂದು ಭಾರತವು ೨೦೨೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಸಾರಿತು.

ಇಷ್ಟು ದೊಡ್ಡ ಬದಲಾವಣೆಗೆ ಎಷ್ಟು ಖರ್ಚು, ಎಷ್ಟು ಉಳಿತಾಯ ಎಂಬುದನ್ನು ಊಹಿಸಲು ಅರ್ಥಶಾಸ್ತ್ರಜ್ಞರು ಗಣಿತದ ಮಾದರಿಗಳನ್ನು ಕಟ್ಟುತ್ತಾರೆ. ಒಂದು ಕಡೆ ಯಂತ್ರದ ಬೆಲೆ, ಬಡ್ಡಿ, ದುರಸ್ತಿ. ಇನ್ನೊಂದು ಕಡೆ ಉಳಿದ ಎಣ್ಣೆಯ ಬೆಲೆ, ಕಡಮೆಯಾದ ರೋಗ, ತಪ್ಪಿದ ನೆರೆ, ಉಳಿದ ಬೆಳೆ. ಎಲ್ಲವನ್ನೂ ರೂಪಾಯಿಗೆ ಇಳಿಸಿ ಕೂಡಿಸಿ ಕಳೆದು, ಕೊನೆಗೆ ಒಂದು ಅಂಕಿಯನ್ನು ಬರೆಯುತ್ತಾರೆ. ಆ ಅಂಕಿಯು ಸರಕಾರಗಳಿಗೆ ದಾರಿ ತೋರುವ ದೀಪದಂತಿರುವುದು. ದೀಪವು ಬೇಕೇ ಬೇಕು. ಆದರೆ ಅದು ಯಾವ ಮೂಲೆಗೆ ಬೆಳಕು ಕೊಡುತ್ತದೆ, ಯಾವ ಮೂಲೆಯನ್ನು ಕತ್ತಲೆಯಲ್ಲಿ ಬಿಡುತ್ತದೆ ಎಂಬುದನ್ನು ಅರಿಯದೆ ನಡೆಯುವವನು ಎಡವದೆ ಇರಲಾರನು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳು ಇಂಥ ವಿಚಾರಕ್ಕೆ ಒಳ್ಳೆಯ ನೆಲ. ಘಟ್ಟದಿಂದ ಕಡಲಿಗೆ ಇರುವ ಕಿರಿದಾದ ಈ ಸೀಮೆಯಲ್ಲಿ ನೀರಿನಿಂದ ವಿದ್ಯುತ್ತನ್ನು ತೆಗೆಯುವ ನೆಲಮಾಳಿಗೆಯ ಯಂತ್ರಾಗಾರವಿದೆ. ಎಣ್ಣೆಯನ್ನು ಬಿಟ್ಟು ವಿದ್ಯುತ್ತನ್ನು ಹಿಡಿದ ರೈಲು ದಾರಿಯಿದೆ. ಸೀಮೆಎಣ್ಣೆಯ ಯಂತ್ರವನ್ನು ನಂಬಿದ ನಾಡದೋಣಿಯಿದೆ. ದಡವನ್ನು ಕೊರೆಯುವ ಕಡಲೂ ಇದೆ. ಲಾಭವೂ ನಷ್ಟವೂ ಇಲ್ಲಿ ಒಂದೇ ದಿನದ ನಡಿಗೆಯೊಳಗೆ ಕಣ್ಣಿಗೆ ಬೀಳುತ್ತವೆ.

೨

ಮೊದಲು ಸುಲಭವಾದ ಉದಾಹರಣೆಯನ್ನು ನೋಡಬಹುದು. ರೋಹಾದಿಂದ ತೋಕೂರಿನ ವರೆಗೆ ಸುಮಾರು ೭೪೦ ಕಿಲೋಮೀಟರು ಉದ್ದದ ಕೊಂಕಣ ರೈಲು ದಾರಿಯು ೧೯೯೮ರಲ್ಲಿ ಪೂರ್ಣವಾಗಿ ತೆರೆಯಿತು. ಬೈಂದೂರು, ಸೇನಾಪುರ, ಕುಂದಾಪುರ, ಬಾರ್ಕೂರುಗಳ ನಿಲ್ದಾಣಗಳಲ್ಲಿ ಅಂದಿನಿಂದ ಡೀಸೆಲ್ ಎಂಜಿನುಗಳ ಸದ್ದು ಕೇಳುತ್ತ ಬಂದಿತು. ಆ ದಾರಿಯ ಉದ್ದಕ್ಕೂ ವಿದ್ಯುತ್ತಿನ ತಂತಿಯನ್ನು ಎಳೆಯುವ ಕೆಲಸವು ೧,೨೮೦ ಕೋಟಿ ರೂಪಾಯಿಗಳಿಗೂ ಮಿಕ್ಕಿದ ಖರ್ಚಿನಲ್ಲಿ ಮುಗಿದು, ೨೦೨೨ರ ಜೂನ್ ತಿಂಗಳಲ್ಲಿ ದೇಶಕ್ಕೆ ಅರ್ಪಿತವಾಯಿತು. ಈ ಹಣವು ಒಮ್ಮೆ ಕೈಬಿಡುವ ಖರ್ಚು. ಎಣ್ಣೆಯ ಉಳಿತಾಯವಾದರೋ ವರ್ಷವರ್ಷವೂ ಬರುವ ಆದಾಯ. ಯಾವ ಲೆಕ್ಕಿಗನಾದರೂ ಇದನ್ನು ಲಾಭದ ಕೆಲಸವೆಂದೇ ಹೇಳಿಯಾನು.

ಆದರೂ ಇಲ್ಲಿಯೇ ಒಂದು ಎಚ್ಚರವು ಬೇಕಾಗುತ್ತದೆ. ಎಂಜಿನಿನ ಮೇಲೆ ಹೊಗೆ ಕಾಣದೆ ಹೋದಮಾತ್ರಕ್ಕೆ ಹೊಗೆಯು ಇಲ್ಲವಾಯಿತೆಂದು ಹೇಳಲಾಗದು. ವಿದ್ಯುತ್ತು ಎಲ್ಲಿ ಹುಟ್ಟಿತೆಂಬುದನ್ನು ಕೇಳಬೇಕು. ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನದು. ಇದೇ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ೧,೨೦೦ ಮೆಗಾವಾಟ್ ಸಾಮರ್ಥ್ಯದ ಶಾಖ ವಿದ್ಯುತ್ ಸ್ಥಾವರವಿದ್ದು, ಪರದೇಶದಿಂದ ಪಣಂಬೂರಿನ ಬಂದರಿಗೆ ಬರುವ ಕಲ್ಲಿದ್ದಲನ್ನು ಉರಿಸುವಂತೆ ಅದನ್ನು ಕಟ್ಟಲಾಗಿದೆ. ಹಾರುಬೂದಿಯ ವಿಷಯವಾಗಿಯೂ ಬಾವಿಯ ನೀರಿನ ವಿಷಯವಾಗಿಯೂ ಸುತ್ತಲಿನ ಕೃಷಿಕರು ದೂರುತ್ತ ಬಂದಿದ್ದಾರೆ. ರೈಲು ಬರಿಯ ಕಲ್ಲಿದ್ದಲಿನ ವಿದ್ಯುತ್ತಿನಿಂದಲೇ ಓಡುವುದಾದರೆ ಇಂಗಾಲಾಮ್ಲದ ಉಳಿತಾಯವು ಅಲ್ಪವೇ ಸರಿ. ಹೊಗೆಯು ಹಳಿಯ ಮೇಲಿನಿಂದ ಇನ್ನೊಬ್ಬರ ಹಿತ್ತಿಲಿಗೆ ಹೋಗುವುದಷ್ಟೆ. ನೀರು, ಗಾಳಿ, ಬಿಸಿಲುಗಳ ವಿದ್ಯುತ್ತು ಹೆಚ್ಚಿದಂತೆಲ್ಲ ಅದೇ ಎಂಜಿನು, ತನ್ನಲ್ಲಿ ಯಾವ ಬದಲಾವಣೆಯನ್ನೂ ಮಾಡಿಕೊಳ್ಳದೆ, ಹೆಚ್ಚು ಹೆಚ್ಚು ನಿರ್ಮಲವಾಗುತ್ತ ಹೋಗುತ್ತದೆ. ಡೀಸೆಲ್ ಎಂಜಿನಿಗೆ ಆ ಭಾಗ್ಯವಿಲ್ಲ. ಒಂದು ಲೀಟರು ಡೀಸೆಲ್ ಇಂದು ಉರಿದರೂ ಮೂವತ್ತು ವರ್ಷಗಳ ಮೇಲೆ ಉರಿದರೂ ಸುಮಾರು ೨.೭ ಕಿಲೋಗ್ರಾಂ ಇಂಗಾಲಾಮ್ಲವನ್ನು ಬಿಟ್ಟೇ ಬಿಡುವುದು.

ಹೀಗೆ ಲೆಕ್ಕದ ಎಲ್ಲೆಯನ್ನು ಎಲ್ಲಿ ಎಳೆದರೆಂಬುದರ ಮೇಲೆ ಉತ್ತರವು ನಿಂತಿರುವುದು. ಎಲ್ಲೆಯನ್ನು ನಿಲ್ದಾಣದ ಬಳಿ ಎಳೆದರೆ ಒಂದು ಉತ್ತರ. ಎಲ್ಲೂರಿನ ಬಾವಿಕಟ್ಟೆಯ ವರೆಗೆ ಎಳೆದರೆ ಇನ್ನೊಂದು. ಎಲ್ಲೆಯನ್ನು ಎಳೆಯುವುದು ಗಣಿತದ ಕೆಲಸವಲ್ಲ. ಯಾರ ಸುಖದುಃಖವು ಲೆಕ್ಕಕ್ಕೆ ಬರತಕ್ಕುದೆಂಬ ಧರ್ಮನಿರ್ಣಯವು ಗಣಿತಕ್ಕೆ ಮೊದಲೇ ಆಗಿಹೋಗಿರುತ್ತದೆ.

೩

ಎಲ್ಲೆಯು ಸ್ಥಳಕ್ಕೆ ಮಾತ್ರವಲ್ಲ, ಕಾಲಕ್ಕೂ ಉಂಟು. ಮೂರು ತಿಂಗಳ ಬಳಿಕ ಸಲ್ಲಬೇಕಾದ ಹುಂಡಿಯನ್ನು ಇಂದೇ ನಗದು ಮಾಡಿಕೊಡುವಾಗ ಬ್ಯಾಂಕಿನವರು ಸ್ವಲ್ಪ ಹಣವನ್ನು ಮುರಿದುಕೊಳ್ಳುತ್ತಾರೆ. ಅದಕ್ಕೆ ವಟ್ಟವೆಂದು ಹೆಸರು. ನಾಳೆಯ ರೂಪಾಯಿಯು ಇಂದಿನ ರೂಪಾಯಿಗಿಂತ ಹಗುರವೆಂಬುದೇ ಇದರ ತತ್ತ್ವ. ಇಂಗಾಲದ ಮಾದರಿಗಳನ್ನು ಕಟ್ಟುವವರು ಇದೇ ತತ್ತ್ವವನ್ನು ನೂರಾರು ವರ್ಷಗಳಿಗೆ ಹಿಗ್ಗಿಸುತ್ತಾರೆ.

ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ ನದಿ. ನಡುವೆ ಇರುವ ನೆಲವು ಒಂದು ಪಟ್ಟಿಯಷ್ಟೆ. ಕಡಲ್ಕೊರೆತವನ್ನು ತಡೆಯಲು ಅಲ್ಲಿ ಕಲ್ಲುಗಳನ್ನು ಒಟ್ಟುವುದು ವಾಡಿಕೆಯಾಗಿದೆ. ಬೆಚ್ಚಗಾದ ನೀರು ಹಿಗ್ಗುವುದರಿಂದಲೂ ಹಿಮವು ಕರಗುವುದರಿಂದಲೂ ಕಡಲ ಮಟ್ಟವು ಏರುತ್ತಿರುವಾಗ, ಅಂಥ ದಡದಲ್ಲಿ ಇಂದಿನ ಬೆಲೆಯಲ್ಲಿ ೧ ಲಕ್ಷ ರೂಪಾಯಿ ಬಾಳುವ ಒಂದು ಮನೆಯು ನೂರು ವರ್ಷಗಳ ಮೇಲೆ ಕೊಚ್ಚಿಹೋಗುವುದೆಂದು ಭಾವಿಸಬಹುದು. ಅದನ್ನು ಉಳಿಸಿಕೊಳ್ಳಲು ಇಂದು ಎಷ್ಟು ಹಣವನ್ನು ವೆಚ್ಚ ಮಾಡುವುದು ಯುಕ್ತ? ವರ್ಷಕ್ಕೆ ನೂರಕ್ಕೆ ೫ರಂತೆ ವಟ್ಟವನ್ನು ಹಿಡಿದರೆ, ಲೆಕ್ಕವು ಸುಮಾರು ೭೬೦ ರೂಪಾಯಿ ಎನ್ನುತ್ತದೆ. ನೂರಕ್ಕೆ ೧.೪ರಂತೆ ಹಿಡಿದರೆ ಸುಮಾರು ೨೪,೯೦೦ ರೂಪಾಯಿ ಎನ್ನುತ್ತದೆ. ಮನೆಯು ಅದೇ, ಕಡಲೂ ಅದೇ, ಕಣ್ಣೀರೂ ಅದೇ. ಲೆಕ್ಕಿಗನ ಲೇಖನಿಯು ಒಂದು ಅಂಕಿಯನ್ನು ಬದಲಿಸಿದುದಕ್ಕೆ ಬೆಲೆಯು ಮೂವತ್ತು ಪಾಲಿಗಿಂತಲೂ ಹೆಚ್ಚಾಯಿತು.

ಇದು ವಿನೋದಕ್ಕಾಗಿ ಕಟ್ಟಿದ ಉದಾಹರಣೆಯಲ್ಲ. ಇಂಗ್ಲೆಂಡಿನ ನಿಕೊಲಾಸ್ ಸ್ಟರ್ನ್ ಅವರು ೨೦೦೬ರಲ್ಲಿ ಹೊರಡಿಸಿದ ವರದಿಯಲ್ಲಿ ವಟ್ಟವು ಸುಮಾರು ೧.೪ರಷ್ಟಿತ್ತು, ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಅವರ ಮಾದರಿಯಲ್ಲಿ ಅದು ನಾಲ್ಕೈದರ ಸುತ್ತ ಇತ್ತು. ಮೊದಲನೆಯವರು ತಡಮಾಡದೆ ಭಾರಿ ವೆಚ್ಚವನ್ನು ಮಾಡಬೇಕೆಂದರು. ಎರಡನೆಯವರು ನಿಧಾನವಾಗಿ ಏರುತ್ತ ಹೋಗಬೇಕೆಂದರು. ಇಬ್ಬರೂ ಪಂಡಿತರೇ. ಭೇದವು ಬಹುಮಟ್ಟಿಗೆ ಇನ್ನೂ ಹುಟ್ಟದವರ ಬೆಲೆಯನ್ನು ಕುರಿತದ್ದು. ಸುಖವು ತಡವಾಗಿ ಬರುವುದೆಂಬ ಒಂದೇ ಕಾರಣದಿಂದ ಅದಕ್ಕೆ ಬೆಲೆಯನ್ನು ತಗ್ಗಿಸುವುದು ನೀತಿಗೆ ಸಮ್ಮತವಲ್ಲವೆಂದು ಫ್ರಾಂಕ್ ರಾಮ್ಸೆ ಎಂಬ ತರುಣ ಗಣಿತಜ್ಞನು ೧೯೨೮ರಷ್ಟು ಹಿಂದೆಯೇ ಬರೆದಿದ್ದನು.

ಅಮೆರಿಕದ ಸರಕಾರವೊಂದೇ ಒಂದು ಟನ್ನು ಇಂಗಾಲಾಮ್ಲದಿಂದಾಗುವ ಹಾನಿಗೆ ಕಟ್ಟಿದ ಬೆಲೆಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ೨೦೧೭ರ ಅನಂತರದ ಕೆಲವು ವರ್ಷ ಆ ಬೆಲೆಯು ೧ರಿಂದ ೭ ಡಾಲರು. ೨೦೨೧ರಲ್ಲಿ ೫೧ ಡಾಲರು. ೨೦೨೩ರಲ್ಲಿ ಅಲ್ಲಿನ ಪರಿಸರ ಇಲಾಖೆಯ ಎಣಿಕೆಯಲ್ಲಿ ೧೯೦ ಡಾಲರು. ೨೦೨೫ರಲ್ಲಿ ಈ ಎಣಿಕೆಯನ್ನೇ ಕೈಬಿಡುವ ಕಡೆಗೆ ಆಡಳಿತವು ತಿರುಗಿತು. ಅತಿ ಕಡಮೆಯ ಎಣಿಕೆಯಲ್ಲಿ ಅಮೆರಿಕದೊಳಗೆ ಆಗುವ ಹಾನಿಯನ್ನು ಮಾತ್ರ ಹಿಡಿದಿದ್ದರು. ಅಲ್ಲಿನ ಹೊಗೆಯಿಂದ ಗಂಗೊಳ್ಳಿಯ ದಡಕ್ಕೆ ಬರುವ ಕೇಡು ಆ ಲೆಕ್ಕದ ಪ್ರಕಾರ ಕೇಡೇ ಅಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಮುಂದಿನವರು ಇಂದಿನವರಿಗಿಂತ ಸಂಪನ್ನರಾಗಿರುವರು. ಬಡವನಾದ ಅಜ್ಜನು ಸಿರಿವಂತನಾಗಲಿರುವ ಮೊಮ್ಮಗನಿಗಾಗಿ ಏಕೆ ಉಪವಾಸವಿರಬೇಕು? ಈ ಆಕ್ಷೇಪದಲ್ಲಿ ತಿರುಳಿದೆ. ಭಾರತೀಯನೊಬ್ಬನ ಪಾಲಿನ ಇಂಗಾಲಾಮ್ಲವು ವರ್ಷಕ್ಕೆ ಸುಮಾರು ೨ ಟನ್ನು. ಅಮೆರಿಕದವನದು ಸುಮಾರು ೧೪ ಟನ್ನು. ಇಬ್ಬರನ್ನೂ ಒಂದೇ ಉಪವಾಸಕ್ಕೆ ಕರೆಯುವುದು ನ್ಯಾಯವಲ್ಲ. ಆದರೆ ಸರಾಸರಿಯ ಮೊಮ್ಮಗನು ಸಿರಿವಂತನಾದರೆ ಎಲ್ಲ ಮೊಮ್ಮಕ್ಕಳೂ ಸಿರಿವಂತರಾದರೆಂದು ಅರ್ಥವಲ್ಲ. ಕಡಲು ಸರಾಸರಿಯ ಮನೆಯನ್ನು ಕೊಚ್ಚುವುದಿಲ್ಲ. ದಡದ ಮನೆಯನ್ನು ಕೊಚ್ಚುತ್ತದೆ. ವಟ್ಟವನ್ನು ಹಿಡಿಯುವವನು ಯಾವ ಮೊಮ್ಮಗನನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಡಿದನೆಂಬುದೇ ಮುಖ್ಯ.

೪

ಈ ವರೆಗಿನ ತೊಡಕು ನಷ್ಟವನ್ನು ಅಳೆಯುವುದರಲ್ಲಿ ಇತ್ತು. ಅಳತೆಯು ಸರಿಯಾಗಿಯೇ ಆಯಿತೆಂದು ಒಪ್ಪಿಕೊಂಡರೂ ಇದಕ್ಕಿಂತ ಆಳವಾದ ತೊಡಕೊಂದು ಉಳಿಯುತ್ತದೆ.

ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ, ಘಟ್ಟದ ಬುಡದ ಬಂಡೆಯೊಳಗೆ, ವಾರಾಹಿ ಭೂಗರ್ಭ ವಿದ್ಯುದಾಗಾರವಿದೆ. ಘಟ್ಟದ ಮೇಲೆ ಹೊಸನಗರ ತಾಲೂಕಿನ ಮಾಣಿ ಎಂಬಲ್ಲಿ ನದಿಗೆ ಕಟ್ಟಿದ ಅಣೆಕಟ್ಟಿನಿಂದ ನೀರು ಸುರಂಗದ ಮೂಲಕ ಇಳಿದುಬಂದು ಯಂತ್ರಗಳನ್ನು ತಿರುಗಿಸುತ್ತದೆ. ೧೯೮೯ರಲ್ಲಿ ಕೆಲಸವನ್ನು ಆರಂಭಿಸಿದ ಈ ಆಗಾರವು ಮುಂದೆ ನಾಲ್ಕು ಯಂತ್ರಗಳಾಗಿ ೪೬೦ ಮೆಗಾವಾಟಿನ ಸಾಮರ್ಥ್ಯವನ್ನು ಪಡೆಯಿತು. ಕಲ್ಲಿದ್ದಲಿಲ್ಲ, ಬೂದಿಯಿಲ್ಲ, ಬೇಕೆಂದಾಗ ತಿರುಗುವ, ಬೇಡವೆಂದಾಗ ನಿಲ್ಲುವ ಇಂಥ ಶಕ್ತಿಯು ವಿದ್ಯುತ್ತಿನ ಜಾಲಕ್ಕೆ ಅಮೂಲ್ಯವಾದುದು. ವಾರಾಹಿಯ ನೆರೆಯ ಚಕ್ರಾ ನದಿಯ ತಲೆನೀರನ್ನೂ ಘಟ್ಟದ ಮೇಲೆಯೇ ಕಟ್ಟಿ, ಲಿಂಗನಮಕ್ಕಿಯ ಕಡೆಗೆ ತಿರುಗಿಸಿ, ಶರಾವತಿಯ ಯಂತ್ರಗಳಿಗೆ ಊಡಿಸಲಾಗಿದೆ. ಕುಂದಾಪುರದ ಬಳಿ ಐದು ಹೊಳೆಗಳು ಕೂಡುವ ಪಂಚಗಂಗಾವಳಿಗೆ ಬರಬೇಕಾಗಿದ್ದ ನೀರಿನಲ್ಲಿ ಒಂದು ಪಾಲು ಹೀಗೆ ಬೇರೆ ದಾರಿಯನ್ನು ಹಿಡಿಯಿತು. ವಾರಾಹಿಯ ನೀರನ್ನು ಕೆಳಗಿನ ಗದ್ದೆಗಳಿಗೆ ಹಾಯಿಸುವ ಕಾಲುವೆಯ ಕೆಲಸವಾದರೋ ದಶಕಗಳ ಕಾಲ ಎಳೆಯಿತು.

ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಪೂರ್ತಿಯಾದಾಗ ಸಾಗರ ಹೊಸನಗರ ಸೀಮೆಗಳ ಎಷ್ಟೋ ಹಳ್ಳಿಗಳು ನೀರಿನ ಪಾಲಾದುವು. ಅಲ್ಲಿಂದ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ನೆಲೆಸಿದ ಭೂಮಿಯ ಹಕ್ಕುಪತ್ರವು ಅರುವತ್ತು ವರ್ಷಗಳು ಕಳೆದರೂ ಇತ್ಯರ್ಥವಾಗದೆ ಉಳಿಯಿತು. ಆ ವಿದ್ಯುತ್ತಿನಿಂದ ನಾಡು ಬೆಳಗಿತು, ಕಾರ್ಖಾನೆಗಳು ನಡೆದುವು, ಉರಿಯಬೇಕಾಗಿದ್ದ ಎಷ್ಟೋ ಕಲ್ಲಿದ್ದಲು ಉರಿಯದೆ ಉಳಿಯಿತು. ಕೂಡಿಸಿ ನೋಡಿದರೆ ಲಾಭವೇ ಹೆಚ್ಚೆಂಬುದರಲ್ಲಿ ಸಂಶಯವಿರದು. ಹಾಗಾದರೆ ಹಕ್ಕುಪತ್ರವಿಲ್ಲದವನ ನಷ್ಟವು ಎಲ್ಲಿ ಹೋಯಿತು?

ಅರ್ಥಶಾಸ್ತ್ರವು ಇದಕ್ಕೆ ಒಂದು ಉತ್ತರವನ್ನು ಇಟ್ಟುಕೊಂಡಿದೆ. ೧೯೩೯ರಲ್ಲಿ ನಿಕೊಲಾಸ್ ಕಾಲ್ಡೋರ್, ಜಾನ್ ಹಿಕ್ಸ್ ಎಂಬ ಇಬ್ಬರು ವಿದ್ವಾಂಸರು ಪ್ರತಿಪಾದಿಸಿದ ನಿಯಮವೇನೆಂದರೆ: ಲಾಭ ಪಡೆದವರು ನಷ್ಟಪಟ್ಟವರ ನಷ್ಟವನ್ನು ತುಂಬಿಕೊಟ್ಟ ಮೇಲೆಯೂ ಅವರಲ್ಲಿ ಏನಾದರೂ ಮಿಗುವಂತಿದ್ದರೆ ಆ ಕಾರ್ಯವು ಒಟ್ಟಿನಲ್ಲಿ ಒಳ್ಳೆಯದು. ತುಂಬಿಕೊಡಲು ಸಾಧ್ಯವಿದ್ದರೆ ಸಾಕು, ತುಂಬಿಕೊಟ್ಟೇ ಇರಬೇಕೆಂದಿಲ್ಲ. ಕೊಡಬೇಕೋ ಬೇಡವೋ ಎಂಬುದು ರಾಜಕಾರಣಕ್ಕೆ ಬಿಟ್ಟ ಮಾತು. ಲಾಭನಷ್ಟದ ಇಂದಿನ ಹೆಚ್ಚಿನ ಮಾದರಿಗಳೆಲ್ಲ ಈ ಅಡಿಪಾಯದ ಮೇಲೆಯೇ ನಿಂತಿವೆ.

ಅಂಗಡಿಯ ಕಡತದಲ್ಲಿ ಇಂಥ ನಿಯಮವು ನಡೆಯುವುದೆ? ಒಬ್ಬನಿಂದ ನೂರು ರೂಪಾಯಿಯ ಸಾಮಾನನ್ನು ತೆಗೆದುಕೊಂಡವನು ಅದನ್ನು ನೂರೈವತ್ತಕ್ಕೆ ಮಾರಿ, ‘ಕೊಡುವ ಶಕ್ತಿ ನನಗಿದೆ; ಆದುದರಿಂದ ವ್ಯವಹಾರವು ಚೊಕ್ಕಟವಾಯಿತು’ ಎಂದು ಹೇಳಿದರೆ ಯಾವ ಪಂಚಾಯಿತಿಯೂ ಒಪ್ಪದು. ಕೊಡಬಲ್ಲವನಾಗಿದ್ದೂ ಕೊಡದಿರುವುದು ಅವನ ತಪ್ಪನ್ನು ಹೆಚ್ಚಿಸುವುದೇ ಹೊರತು ಕಡಮೆ ಮಾಡದು.

ಇದೇ ಕರಾವಳಿಯ ಇತ್ತೀಚಿನ ಚರಿತ್ರೆಯಲ್ಲಿ ಈ ನಿಯಮದ ಫಲವನ್ನು ಕಣ್ಣಾರೆ ಕಂಡವರಿದ್ದಾರೆ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯು ಒಂದು ಕಾಲದಲ್ಲಿ ಬಂಗುಡೆ ಭೂತಾಯಿಗಳ ಬೇಟೆಗೆ ಆಧಾರವಾಗಿತ್ತು. ಬಂದ ಮೀನನ್ನು ಪಾಲು ಹಂಚುವುದು ಅದರ ಕಟ್ಟಳೆ. ೧೯೭೫–೭೬ರ ಸುಮಾರಿಗೆ ಎಂಜಿನು ದೋಣಿಯ ಪರ್ಸೀನ್ ಬಲೆಯು ಬಂದಿತು. ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಅದು ಸುತ್ತುಗಟ್ಟಿತು. ಬಂದರಿಗೆ ಬಂದ ಮೀನಿನ ರಾಶಿಯು ದೊಡ್ಡದಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿಯು ಮೂಲೆಗೆ ಬಿದ್ದಿತು. ಮೀನನ್ನು ಟನ್ನಿನಲ್ಲಿ ಅಳೆದವನಿಗೆ ಲಾಭವು ಕಂಡಿತು. ಪಾಲನ್ನು ಕಳೆದುಕೊಂಡ ಮನೆಗಳನ್ನು ಎಣಿಸಿದವನಿಗೆ ಬೇರೆಯದೇ ಕಂಡಿತು. ಹೊಗೆಯಿಲ್ಲದ ಕಾಲಕ್ಕೆ ದಾಟುವಾಗಲೂ ದಾಟಿಸುವ ದೋಣಿಯಲ್ಲಿ ಯಾರಿಗೆ ಜಾಗವಿದೆಯೆಂದು ಕೇಳುವ ಹಕ್ಕು ಈ ಜನರಿಗೆ ಹಾಗೆ ಬಂದಿರುವುದು.

೫

ಆಗಿಹೋದ ನಷ್ಟವನ್ನಾದರೂ ಹಣದಿಂದ ತುಂಬಬಹುದು. ಆಗಬಹುದಾದ ನಷ್ಟದ ಮಾತೇನು? ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಉತ್ತರ ಕನ್ನಡದ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರವನ್ನು ಕಟ್ಟುವುದನ್ನು ಬಲವಾಗಿ ವಿರೋಧಿಸಿದರು. ಎಂಬತ್ತೇಳರ ವಯಸ್ಸಿನ ಅಂಚಿನಲ್ಲಿ, ೧೯೮೯ರಲ್ಲಿ, ಆ ಭಾಗದಿಂದ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ೧೯೯೪ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರವು ಕಳಚಿ ಬಿದ್ದಾಗ ವಿರೋಧಿಸಿದವರ ಭಯವು ನಿರಾಧಾರವಲ್ಲವೆಂದು ಅನೇಕರಿಗೆ ತೋರಿತು. ೨೦೧೮ರಲ್ಲಿ ಅಲ್ಲಿನ ಒಂದನೆಯ ಘಟಕವು ೯೬೨ ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆಯಾದಾಗ ಕಟ್ಟಿದವರ ವಿಶ್ವಾಸವು ನಿರಾಧಾರವಲ್ಲವೆಂದು ಮತ್ತೆ ಅನೇಕರಿಗೆ ತೋರಿತು. ಒಟ್ಟು ೮೮೦ ಮೆಗಾವಾಟಿನ ನಾಲ್ಕು ಘಟಕಗಳು ಕಲ್ಲಿದ್ದಲಿನ ಹೊಗೆಯಿಲ್ಲದೆ ವಿದ್ಯುತ್ತನ್ನು ಕೊಡುತ್ತಿವೆ.

ಇವುಗಳಲ್ಲಿ ಯಾವುದೊಂದೂ ಮೂಲದ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. ಅಪಾಯದ ಸಂಭವವು ಎಷ್ಟೇ ಅಲ್ಪವಾಗಿರಲಿ, ಅದನ್ನು ಇನ್ನೊಬ್ಬನ ಪರವಾಗಿ ಒಪ್ಪಿಕೊಳ್ಳುವ ಅಧಿಕಾರವು ಯಾರಿಗಿದೆ? ತಾನೇ ಒಪ್ಪಿ ಮಳೆಗಾಲದ ಕಡಲಿಗೆ ಇಳಿಯುವ ಮೊಗವೀರನ ಸಾಹಸಕ್ಕೂ, ಕೇಳದೆಯೇ ಅವನ ತಲೆಯ ಮೇಲೆ ಇರಿಸಿದ ಅಪಾಯಕ್ಕೂ ಗಣಿತದಲ್ಲಿ ಒಂದೇ ಅಂಕಿಯು ಬರಬಹುದು. ನೀತಿಯಲ್ಲಿ ಅವೆರಡೂ ಒಂದಲ್ಲ.

ಸಮ್ಮತಿಯನ್ನು ಪಡೆದು, ನಷ್ಟವನ್ನು ವರ್ಷವರ್ಷವೂ ಕೈಗೇ ಸಲ್ಲಿಸುವ ಪ್ರಯತ್ನವೊಂದು ತುಮಕೂರು ಜಿಲ್ಲೆಯ ಪಾವಗಡದಲ್ಲಿ ನಡೆಯಿತು. ಅಲ್ಲಿ ಸುಮಾರು ೧೩,೦೦೦ ಎಕರೆಯ ಮೇಲೆ ಹರಡಿರುವ ೨,೦೫೦ ಮೆಗಾವಾಟಿನ ಸೌರ ಕ್ಷೇತ್ರಕ್ಕೆ ಸರಕಾರವು ಭೂಮಿಯನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ ಏರುವಂತೆ ಗುತ್ತಿಗೆಗೆ ಹಿಡಿಯಿತು. ಭೂಮಿಯ ಒಡೆಯನು ಒಡೆಯನಾಗಿಯೇ ಉಳಿದನು. ಮೂಲಗೇಣಿ ಚಾಲಗೇಣಿಗಳ ಕಷ್ಟವನ್ನು ೧೯೭೪ರ ಭೂಸುಧಾರಣೆಯ ವರೆಗೂ ಉಂಡ ಕರಾವಳಿಯವರಿಗೆ, ರೈತನೇ ಕುಳಿತು ಗೇಣಿಯನ್ನು ಪಡೆಯುವ ಈ ಚಿತ್ರವು ಒಗಟಿನಂತೆ ಕಂಡೀತು. ಇದು ಮುಳುಗಡೆಗಿಂತ ಎಷ್ಟೋ ಮೇಲು. ಆದರೆ ಅಲ್ಲಿಯೂ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವನಿಗೆ ಗೇಣಿಯಲ್ಲಿ ಪಾಲಿಲ್ಲ. ಕಡತದಲ್ಲಿ ಹೆಸರಿದ್ದವನಿಗೆ ಸಂದಿತು. ಹೆಸರಿಲ್ಲದವನು ಹೊರಗೆಯೇ ನಿಂತನು.

೬

ಹೆಸರಿಲ್ಲದವನ ಮಾತು ನಾಡದೋಣಿಯ ಕಡೆಗೆ ಮನಸ್ಸನ್ನು ತಿರುಗಿಸುತ್ತದೆ. ಗಂಗೊಳ್ಳಿ, ಮರವಂತೆ, ಉಪ್ಪುಂದ, ಕೋಡಿಗಳ ದಡದಿಂದ ಹೊರಡುವ ನಾಡದೋಣಿಗಳಲ್ಲಿ ಬಹಳಷ್ಟು ಸೀಮೆಎಣ್ಣೆಯ ಯಂತ್ರಗಳನ್ನು ಆಶ್ರಯಿಸಿಕೊಂಡು ಬಂದುವು. ಜೂನ್ ಜುಲೈ ತಿಂಗಳುಗಳಲ್ಲಿ ದೊಡ್ಡ ಯಂತ್ರದ ದೋಣಿಗಳಿಗೆ ೬೧ ದಿನಗಳ ನಿಷೇಧವಿರುವಾಗ ಈ ನಾಡದೋಣಿಯವರಿಗೇ ದುಡಿಮೆಯ ಕಾಲ. ಸರಕಾರವು ರಿಯಾಯತಿಯ ದರದಲ್ಲಿ ಕೊಡುವ ಸೀಮೆಎಣ್ಣೆಯು ಸಕಾಲದಲ್ಲಿ ಬಾರದಿದ್ದರೆ ಆ ಸುಗ್ಗಿಯು ಕೈತಪ್ಪಿದಂತೆಯೇ.

ಮಾದರಿಯನ್ನು ಕಟ್ಟುವವನ ಕಣ್ಣಿಗೆ ಈ ರಿಯಾಯತಿಯು ಒಂದು ದೋಷ: ಹೊಗೆಗೆ ಹಣ ಕೊಡುವ ಪದ್ಧತಿ, ಮೊದಲು ಕಿತ್ತುಹಾಕತಕ್ಕದ್ದು. ಅಂಕಿಯ ದೃಷ್ಟಿಯಿಂದ ಅವನ ಮಾತು ತಪ್ಪಲ್ಲ. ಆದರೆ ಅದೇ ದೇಶದಲ್ಲಿ ವಿದ್ಯುತ್ತಿನ ಕಾರನ್ನು ಕೊಳ್ಳುವವನಿಗೆ ೨೦೧೯ರಿಂದ ಸರಕು ತೆರಿಗೆಯು ನೂರಕ್ಕೆ ೫ರಷ್ಟಕ್ಕೆ ಇಳಿದಿದೆ. ಕಾರನ್ನು ಕೊಳ್ಳಬಲ್ಲವನಿಗೆ ಹೊಸ ಕಾಲವು ಉಡುಗೊರೆಯೊಡನೆ ಬಂದಿತು. ನಾಡದೋಣಿಯವನ ಬಾಗಿಲಿಗೆ ಅದೇ ಕಾಲವು ಹಳೆಯ ರಿಯಾಯತಿಯನ್ನು ಕಿತ್ತುಕೊಳ್ಳುವ ಮಾತಿನೊಡನೆ ಬರುವುದಾದರೆ ಅದನ್ನು ಅವನು ಸ್ವಾಗತಿಸಬೇಕೆನ್ನುವುದು ಹೇಗೆ? ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆಯಲ್ಲಿ ಒಳ್ಳೆಯ ಅರ್ಥಶಾಸ್ತ್ರವಿದೆ. ಒಂದು ಸಾವಿರ ರೂಪಾಯಿಯು ಇಬ್ಬರಿಗೂ ಒಂದೇ ಸಾವಿರವಲ್ಲ.

ದಾರಿಯಿಲ್ಲವೆಂದಲ್ಲ, ಈ ಜಿಲ್ಲೆಯೇ ಹಿಂದೆ ದಾರಿಯನ್ನು ತೋರಿಸಿದೆ. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಎತ್ತುವ ಆ ಏರ್ಪಾಡಿನಲ್ಲಿ, ಬ್ಯಾಂಕು ಬಡವನ ಅಳತೆಗೆ ಬಗ್ಗಿತು. ಬಡವನನ್ನು ತನ್ನ ಅಳತೆಗೆ ಹಿಗ್ಗಿಸಲಿಲ್ಲ. ೧೯೯೫ರಲ್ಲಿ ಹರೀಶ್ ಹಂದೆಯವರು ಜೊತೆಗಾರರೊಡನೆ ಆರಂಭಿಸಿದ ಸೆಲ್ಕೊ ಸಂಸ್ಥೆಯು ಕರಾವಳಿಯ ಮನೆಗಳಿಗೆ ಸೌರ ದೀಪವನ್ನು ತಲಪಿಸಿದುದೂ ಇದೇ ಕ್ರಮದಿಂದ: ದುಡಿಮೆಯ ಕೈಗೆ ಹಣ ಬರುವ ಕಾಲವನ್ನು ನೋಡಿ ಸಾಲದ ಕಂತನ್ನು ಗೊತ್ತುಮಾಡುವುದು. ದೀಪವು ದುಬಾರಿಯಾಗಿದ್ದ ಕಾಲದಲ್ಲಿಯೂ, ಕಂತು ಹಿಡಿತದಲ್ಲಿದ್ದುದರಿಂದ, ಬಡವರು ಅದನ್ನು ಕೊಂಡರು. ನಾಡದೋಣಿಯ ಹೊಸ ಯಂತ್ರಕ್ಕೂ ಮೀನಿನ ಸುಗ್ಗಿಯನ್ನು ನೋಡಿ ಕಂತನ್ನು ಕಟ್ಟಿದರೆ, ಹೊಸತು ಕೈಗೆ ಬಂದು ನಂಬಿಕೆ ಹುಟ್ಟಿದ ಮೇಲೆಯೇ ಹಳೆಯದನ್ನು ನಿಲ್ಲಿಸಿದರೆ, ಆಗ ಬದಲಾವಣೆಯು ದಂಡನೆಯಾಗದು. ಇದರಿಂದ ಒಟ್ಟು ಖರ್ಚು ಸ್ವಲ್ಪ ಏರಬಹುದು. ಆ ಏರಿದ ಪಾಲನ್ನು ವ್ಯರ್ಥವೆಂದು ಬರೆಯಬಾರದು. ಸಲ್ಲಬೇಕಾದ ಋಣವು ಸಂದಿತೆಂದು ಬರೆಯಬೇಕು.

೭

ಇಷ್ಟನ್ನು ಕೇಳಿ, ‘ಹಾಗಾದರೆ ಲೆಕ್ಕವೇ ಬೇಡ’ ಎನ್ನುವವನು ಇನ್ನೊಂದು ಹೊಂಡಕ್ಕೆ ಬೀಳುವನು. ಲೆಕ್ಕವಿಲ್ಲದ ಕಡೆ ಗಟ್ಟಿಯಾಗಿ ಕೂಗುವವನದೇ ನ್ಯಾಯವಾಗುತ್ತದೆ; ಕೂಗಲಾರದವನು, ಅದರಲ್ಲಿಯೂ ಇನ್ನೂ ಹುಟ್ಟದವನು, ಎಲ್ಲರಿಗಿಂತ ಮೊದಲು ಮರೆತುಹೋಗುತ್ತಾನೆ. ಅಲ್ಲದೆ, ಸುಮ್ಮನಿರುವುದಕ್ಕೂ ಒಂದು ಖರ್ಚುಂಟು. ವಾದವು ಮುಗಿಯುವ ತನಕ ಕಲ್ಲಿದ್ದಲು ಉರಿಯುತ್ತಲೇ ಇರುವುದು. ಯಾವ ಅಣೆಕಟ್ಟೂ ಬೇಡ, ಯಾವ ಸ್ಥಾವರವೂ ಬೇಡ, ಯಾವ ತಂತಿಯೂ ಬೇಡವೆನ್ನುವವನು ಎಲ್ಲೂರಿನ ಹೊಗೆಗೂ ಮರವಂತೆಯ ಕೊರೆತಕ್ಕೂ ಮತ ಕೊಟ್ಟಂತೆಯೇ ಆಗುತ್ತದೆ. ಅವನು ಹಾಗೆಂದು ಬಗೆಯದಿದ್ದರೂ ಫಲವು ಅದೇ.

ಆದುದರಿಂದ ಬೇಕಾದುದು ಲೆಕ್ಕದ ನಿರಾಕರಣೆಯಲ್ಲ, ಲೆಕ್ಕದ ಸಂಸ್ಕಾರ. ಅದಕ್ಕೆ ಮೂರು ಕಟ್ಟಳೆಗಳು ಸಾಕಾದಾವು. ಮೊದಲನೆಯದು, ಲಾಭದ ಮೊತ್ತದ ಪಕ್ಕದಲ್ಲಿ ನಷ್ಟಪಡುವವರ ಹೆಸರನ್ನೂ ಊರನ್ನೂ ಬರೆಯುವುದು. ಭೂಮಿಯಿದ್ದವನದು ಮಾತ್ರವಲ್ಲ, ಇಲ್ಲದವನದೂ. ಎರಡನೆಯದು, ಮುಂದಿನವರಿಗೆ ಎಷ್ಟು ವಟ್ಟವನ್ನು ಹಿಡಿಯಲಾಯಿತೆಂಬುದನ್ನು ಅನುಬಂಧದಲ್ಲಿ ಅಡಗಿಸದೆ ಮೊದಲ ಪುಟದಲ್ಲಿಯೇ ಹೇಳುವುದು, ಮತ್ತು ಬೇರೆ ವಟ್ಟವನ್ನು ಹಿಡಿದರೆ ಉತ್ತರವು ಹೇಗೆ ತಿರುಗುವುದೆಂದು ತೋರಿಸುವುದು. ಮೂರನೆಯದು, ಎಲ್ಲಕ್ಕಿಂತ ಹೆಚ್ಚಿನದು: ತುಂಬಿಕೊಡುವ ಶಕ್ತಿಯನ್ನು ತುಂಬಿಕೊಟ್ಟುದೆಂದು ಎಣಿಸದಿರುವುದು. ಹಣವಾಗಲಿ ಭೂಮಿಯಾಗಲಿ ಹಕ್ಕುಪತ್ರವಾಗಲಿ ಕೈಸೇರಿದ ದಿನವೇ ಆ ನಷ್ಟವನ್ನು ಕಡತದಿಂದ ಹೊಡೆಯತಕ್ಕದ್ದು. ಅದಕ್ಕೆ ಮೊದಲು ಅಲ್ಲ.

ಈ ಕಟ್ಟಳೆಗಳ ಪರೀಕ್ಷೆಗೆ ಬಹಳ ಕಾಲ ಕಾಯಬೇಕಾಗಿಲ್ಲ. ಬಿಸಿಲಿನ ವಿದ್ಯುತ್ತು ರಾತ್ರಿಯಲ್ಲಿ ಇರದು. ಹಗಲಿನಲ್ಲಿ ಮಿಕ್ಕುದನ್ನು ಶೇಖರಿಸಲು ನೀರನ್ನು ಕೆಳಗಿನಿಂದ ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸುವ ಉಪಾಯವುಂಟು. ತಳಕಳಲೆ ಗೇರುಸೊಪ್ಪೆಗಳ ನಡುವೆ ಅಂಥ ೨,೦೦೦ ಮೆಗಾವಾಟಿನ ಯೋಜನೆಯೊಂದು ಪ್ರಸ್ತಾಪವಾಗಿ, ಅದರ ಸುತ್ತ ತೀವ್ರವಾದ ವಾದವೆದ್ದಿದೆ. ಆ ಕಾಡು ಸಿಂಗಳೀಕಗಳ ನೆಲೆ. ಆ ಕಣಿವೆಯ ಮೇಲಿನ ಸೀಮೆಯು ಒಮ್ಮೆ ಮುಳುಗಿದವರದು. ಯೋಜನೆಯ ಪರವಾದ ಅಂಕಿಗಳೂ ನಿಜವಿರಬಹುದು, ವಿರೋಧದ ದುಃಖವೂ ನಿಜವಿರಬಹುದು. ಆದರೆ ೧೯೬೪ರ ಬಾಕಿಯನ್ನು ತೀರಿಸದೆ ಅದೇ ಕಣಿವೆಯಲ್ಲಿ ಹೊಸ ಸಾಲವನ್ನು ಕೇಳಲು ಬಂದ ಸರಕಾರವು, ಎಷ್ಟು ದೊಡ್ಡ ಲಾಭವನ್ನು ತೋರಿಸಿದರೂ, ಮೊದಲು ಹಳೆಯ ಕಡತವನ್ನು ಬಿಚ್ಚಬೇಕಾಗುತ್ತದೆ. ಸಾಲಗಾರನಿಗೆ ಎರಡನೆಯ ಸಲ ಸಾಲ ಕೊಡುವಾಗ ಯಾವ ಗೃಹಸ್ಥನೂ ಕೇಳುವ ಮಾತಿದು. ಹೊಗೆಯಿಲ್ಲದ ನಾಡನ್ನು ಕಟ್ಟುವ ಕೆಲಸವು ಜನರ ನಂಬಿಕೆಯಿಂದಲೇ ಮುಂದೆ ಸಾಗಬೇಕಾದುದರಿಂದ, ಈ ಹಳೆಯ ಬಾಕಿಗಳನ್ನು ತೀರಿಸುವುದೂ ಆ ಕೆಲಸದ ಖರ್ಚಿನಲ್ಲಿಯೇ ಸೇರತಕ್ಕದ್ದು.